ತಾಳಿ ಕಟ್ಟೋದು ಒಂದೇ ಸಲ, ಸ್ವಾಮಿ!

ಆಷಾಢ ಮುಗಿದು ಶ್ರಾವಣ ಕಾಲಿಟ್ಟರೆ ಸಾಕು, ಹಾಸನದಿಂದ ಅರಸೀಕೆರೆವರೆಗೆ ಛತ್ರಗಳ ಮುಂದೆ ಬಾಳೆಕಂಬ ನಿಲ್ಲುತ್ತೆ. ಅದರ ಹಿಂದೆಯೇ ಕೊರಳಿಗೆ ಹೊಸ ಕ್ಯಾಮೆರಾ ನೇತುಹಾಕಿಕೊಂಡ ಹೊಸ ಹುಡುಗರೂ ಬರುತ್ತಾರೆ. ಬರಲಿ, ಬೇಡ ಅನ್ನೋರು ಯಾರು? ಸ್ವಂತ ಉದ್ಯೋಗ, ಒಳ್ಳೇದೇ. ಆದರೆ ಕ್ಯಾಮೆರಾ ಕೊಂಡ ಮರುವಾರವೇ ಒಬ್ಬನೇ ಮದುವೆ ಒಪ್ಪಿಕೊಳ್ಳೋದು ಮಾತ್ರ ಸರಿಯಲ್ಲ.

ನಾಮಕರಣದ ಫೋಟೋ ಕೆಟ್ಟರೆ ಮಗೂನ ಇನ್ನೊಮ್ಮೆ ತೊಟ್ಟಿಲಿಗೆ ಹಾಕಿ ತೆಗೀಬಹುದು. ಅಂಗಡಿ ಪೂಜೆ ಫೋಟೋ ಕೆಟ್ಟರೆ ಬರೋ ವರ್ಷ ಆಯುಧಪೂಜೆ ಇದ್ದೇ ಇದೆ. ತಾಳಿ? ಮೂರು ಗಂಟು ಬೀಳೋಕೆ ಎಷ್ಟು ಹೊತ್ತು? ‘ಫ್ಲಾಶ್ ಬರಲಿಲ್ಲ, ಇನ್ನೊಂದು ಸಲ ಕಟ್ಟಿಸಿ’ ಅಂತ ಪುರೋಹಿತರಿಗೆ ಹೇಳೋಕಾಗುತ್ತಾ?

ಹಿಂದೆ ಈ ಕಸುಬಿಗೆ ಬಂದವರು ಸ್ಟುಡಿಯೋದಲ್ಲಿ ಕಸ ಗುಡಿಸಿ, ಯಜಮಾನರ ಹಿಂದೆ ಫ್ಲಾಶ್ ಹಿಡಿದು ಓಡಾಡಿ ಕಲಿತವರು. ರೋಲಿಗೆ 36 ಫೋಟೋ. ಚೌಕ ಫೋಟೋದ 120 ಫಿಲಂ ಆದರೆ ಬರೀ 12. ಒತ್ತಿದ್ದಕ್ಕೆಲ್ಲ ಲೆಕ್ಕ. ಈಗ ಕಾರ್ಡಿನಲ್ಲಿ ಸಾವಿರ ಹಿಡಿಯುತ್ತೆ, ನಿಜ. ಆದರೆ ತಾಳಿ ಹೊತ್ತಿಗೆ ಅಡ್ಡ ಬಂದ ಸೋದರಮಾವನ ಬೆನ್ನು ಸಾವಿರ ಫೋಟೋದಲ್ಲೂ ಬೆನ್ನೇ!

ಆದ್ದರಿಂದ ತಯಾರಿ ಹಿಂದಿನ ದಿನವೇ ಆಗಬೇಕು. ಛತ್ರಕ್ಕೆ ಹೋಗಿ ಮಂಟಪದ ಹಿಂದೆ ಕಿಟಕಿ ಇದೆಯಾ ನೋಡಬೇಕು. ಕಿಟಕಿಗೆ ಎದುರಾಗಿ ತೆಗೆದರೆ ವಧೂವರರ ಮುಖ ಕಪ್ಪು. ಕೆಲವು ಎಲ್‌ಇಡಿ ದೀಪಗಳ ಕೆಳಗೆ ಷಟರ್ ವೇಗ ಹೆಚ್ಚಿಟ್ಟರೆ ಫೋಟೋ ತುಂಬ ಪಟ್ಟೆ ಪಟ್ಟೆ. ಪುರೋಹಿತರನ್ನು ಕಂಡು ಅಂತರಪಟ ಯಾವಾಗ ಸರಿಸ್ತಾರೆ, ಜೀರಿಗೆ ಬೆಲ್ಲ ಯಾವಾಗ, ಧಾರೆ ಎರೆಯುವಾಗ ಯಾರು ಎಲ್ಲಿ ನಿಲ್ಲುತ್ತಾರೆ, ಎಲ್ಲ ಕೇಳಿಕೊಳ್ಳಬೇಕು. ‘ಗಟ್ಟಿಮೇಳ’ ಅಂತ ಕೂಗಿದ ಮೇಲೆ ಜಾಗ ಹುಡುಕಿದರೆ ಸಿಕ್ಕೋದಿಲ್ಲ. ಅಷ್ಟು ಹೊತ್ತಿಗೆ ಅಕ್ಷತೆ ಹಿಡಿದ ಕೈಗಳೂ ಮೊಬೈಲುಗಳೂ ಒಟ್ಟಿಗೇ ಮೇಲೆದ್ದಿರುತ್ತವೆ. ಎಲ್ಲರ ಶಾಸ್ತ್ರ ಒಂದೇ ಅಲ್ಲ. ನಿಕಾಹ್‌ನಲ್ಲಿ ಒಪ್ಪಿಗೆ ಕೊಟ್ಟು ಸಹಿ ಹಾಕೋ ಗಳಿಗೆ ಮುಖ್ಯ, ಚರ್ಚಿನಲ್ಲಿ ಉಂಗುರ. ಅಲ್ಲಿ ಫ್ಲಾಶ್ ಹೊಡೀಬಹುದಾ ಅಂತ ಫಾದರ್‌ ಹತ್ತಿರ ಮೊದಲೇ ಕೇಳಬೇಕು.

ಇನ್ನು ಸಾಮಾನು. ಚಾರ್ಜಾದ ಬ್ಯಾಟರಿ ಮೂರಾದರೂ ಬೇಕು. ಕಾರ್ಡು ಒಂದನ್ನೇ ನಂಬಬಾರದು. ಬಾಡಿಗೆಗಾದರೂ ಸರಿ, ಇನ್ನೊಂದು ಕ್ಯಾಮೆರಾ ಚೀಲದಲ್ಲಿರಬೇಕು. ಸ್ಟೆಪ್ನಿ ಇಲ್ಲದೆ ಬುದ್ಧಿವಂತ ಡ್ರೈವರ್ ದೂರದ ರೂಟಿಗೆ ಬಸ್ ತೆಗೀತಾನಾ?

ಎಲ್ಲಕ್ಕಿಂತ ಮುಖ್ಯ, ಎರಡೂ ಕಡೆ ಹಿರಿಯರ ಪಟ್ಟಿ. ಹೆಣ್ಣಿನ ಅಜ್ಜಿಗೆ ಮಂಟಪ ಹತ್ತೋಕಾಗೋದಿಲ್ಲ, ಎಲ್ಲೋ ಮೂಲೆ ಕುರ್ಚೀಲಿ ಕೂತಿರ್ತಾರೆ. ಕ್ಯಾಮೆರಾನೇ ಅಲ್ಲಿಗೆ ಹೋಗಬೇಕು. ನಾಳೆ ಗೋಡೆ ಮೇಲಿಟ್ಟು ಹಾರ ಹಾಕೋಕೆ ಒಂದು ಫೋಟೋ ಬೇಕಾದಾಗ ಮನೆಯವರು ಮೊದಲು ತೆರೆಯೋದು ಮದುವೆ ಆಲ್ಬಮ್ಮನ್ನೇ. ಅದರಲ್ಲಿ ಅಜ್ಜಿ ಇಲ್ಲ ಅಂದರೆ ಯಾರನ್ನ ಕೇಳೋದು?

ಹುಡುಗರನ್ನಷ್ಟೇ ಬಯ್ದರೆ ನ್ಯಾಯವಲ್ಲ. ಅಡಿಗೆಯವರನ್ನು ಗೊತ್ತುಮಾಡುವಾಗ ನಾಲ್ಕು ಮನೆ ವಿಚಾರಿಸುವ ಜನ, ಫೋಟೋದವನಿಗೆ ಕೇಳೋದು ‘ಎಷ್ಟು ಕಡಿಮೆಗೆ ಮಾಡ್ತೀಯಪ್ಪ?’ ಅಂತ ಮಾತ್ರ. ಚೆಂದದ ಹತ್ತು ಫೋಟೋ ಆರಿಸಿ ಯಾರು ಬೇಕಾದರೂ ತೋರಿಸ್ತಾರೆ. ಒಂದು ಮದುವೆಯ ಪೂರಾ ಆಲ್ಬಂ ತೋರಿಸು ಅನ್ನಬೇಕು. ಇಲ್ಲ ಅಂದರೆ ಜೊತೆಗೊಬ್ಬ ಹಳಬ ಇರಲಿ ಅಂತ ಹಠ ಹಿಡೀಬೇಕು.

ಹೊಸಬನಿಗೂ ಅದೇ ಕ್ಷೇಮ. ಮೊದಲ ನಾಲ್ಕು ಮದುವೆ ಅನುಭವಸ್ಥರ ಜೊತೆ ಎರಡನೇ ಕ್ಯಾಮೆರಾ ಹಿಡಿಯಲಿ. ತಾಳಿ ಹೊಣೆ ಅವರದ್ದು. ಇವನು ಅಜ್ಜಿ, ಮಕ್ಕಳು, ಓಲಗದವರು, ಪಂಕ್ತಿ ಊಟ ತೆಗೀಲಿ. ಕಾಸು ಕಡಿಮೆ ಬರುತ್ತೆ, ಕೆಲಸ ಕೈಗೆ ಹತ್ತುತ್ತೆ. ಸಣ್ಣ ಊರಲ್ಲಿ ಒಂದು ಮದುವೆ ಫೋಟೋ ಕೆಡಿಸಿದವನಿಗೆ ಎರಡನೇ ಮದುವೆ ಸಿಗೋದು ಕಷ್ಟ. ತಗೊಂಡ ಅಡ್ವಾನ್ಸ್ ವಾಪಸ್ ಕೊಡಬಹುದು. ಕಳೆದುಹೋದ ಮುಹೂರ್ತ ಎಲ್ಲಿಂದ ತಂದುಕೊಡ್ತಾನೆ?