ಶಿಸ್ತಿನ ಬೂಟು, ಎಣ್ಣೆಯ ಗಂಟು



'ಈ ದೇಶಕ್ಕೆ ಮಿಲಿಟ್ರಿ ಬರ್ಬೇಕು ಕಣ್ರೋ, ಆಗ ನೋಡಿ ಲಂಚ ಹ್ಯಾಗೆ ನಿಲ್ಲುತ್ತೆ' ಅನ್ನೋ ಮಾತು ಹಾಸ್ಟೆಲಿನ ಊಟದ ಸಾಲಿನಲ್ಲಿ ಇವತ್ತಿಗೂ ಕೇಳಿಬರುತ್ತದೆ. ಹಾಗನ್ನುವವರಿಗೆ ನೈಜೀರಿಯಾದ ಕತೆ ಹೇಳಿ.

1956ರಲ್ಲಿ ಒಲೊಯ್ಬಿರಿ ಎಂಬಲ್ಲಿ ಎಣ್ಣೆ ಸಿಕ್ಕಿತು. 1960ರಲ್ಲಿ ಬ್ರಿಟಿಷರು ಹೋದರು. 1966ರಲ್ಲಿ ಸೈನ್ಯ ಬಂತು, ರಾಜಕಾರಣಿಗಳ ಹೊಲಸು ತೊಳೀತೀವಿ ಅಂತಲೇ ಬಂತು. 1973ರಲ್ಲಿ ಎಣ್ಣೆ ಬೆಲೆ ಏರಿ ದುಡ್ಡು ಹೊಳೆಯಾಯಿತು. ಜನರಲ್ ಗೋವೊನ್ ಸರ್ಕಾರ ಸುಮಾರು 2 ಕೋಟಿ ಟನ್ ಸಿಮೆಂಟಿಗೆ ಆರ್ಡರ್ ಕೊಟ್ಟಿತು. ಬಹುಪಾಲು ರಕ್ಷಣಾ ಇಲಾಖೆಯದೇ! ಲಾಗೋಸ್ ಬಂದರು ವರ್ಷವಿಡೀ ಹೆಣಗಿದರೂ ಅದರಲ್ಲಿ ಒಂದು ಚೂರನ್ನಷ್ಟೇ ಇಳಿಸಿಕೊಳ್ಳಬಲ್ಲದು. 1975ರಲ್ಲಿ ನೂರಾರು ಹಡಗು ಕಡಲಲ್ಲೇ ಕಾದು ನಿಂತವು. ಕಾದ ಪ್ರತಿ ದಿನಕ್ಕೂ ಹಡಗಿನವನಿಗೆ ಸರ್ಕಾರ ದಂಡ ಕಟ್ಟಬೇಕು. ನಿಂತಲ್ಲೇ ನಿಂತು ದುಡಿಯೋ ಹಡಗುಗಳು ಸ್ವಾಮಿ! ಮನೆ ಕಟ್ಟಬೇಕಿದ್ದ ಸಿಮೆಂಟು ಹಡಗಿನ ಹೊಟ್ಟೆಯಲ್ಲೇ ತೇವಕ್ಕೆ ಕಲ್ಲಾಯಿತು.

ನಡುವೆ 1979ರಿಂದ 1983ರವರೆಗೆ ಇದ್ದ ಚುನಾಯಿತ ಸರ್ಕಾರವೂ ತಿಂದಿತು, ಮುಚ್ಚಿಡೋದೇನಿಲ್ಲ. ಆದರೆ ತಿಂದದ್ದನ್ನು ಪತ್ರಿಕೆಗಳು ಬರೆಯಬಹುದಿತ್ತು. 1983ರ ಡಿಸೆಂಬರ್ 31ಕ್ಕೆ ಮತ್ತೆ ಸೈನ್ಯ. ಜನರಲ್ ಬುಹಾರಿ 'ಅಶಿಸ್ತಿನ ವಿರುದ್ಧ ಸಮರ' ಸಾರಿದ. ಬಸ್ ಸ್ಟಾಪಿನಲ್ಲಿ ಸಾಲು ತಪ್ಪಿದವನಿಗೆ ಚಾಟಿ. ತಡವಾಗಿ ಬಂದ ಗುಮಾಸ್ತನಿಗೆ ಕಪ್ಪೆಯ ಹಾಗೆ ಕುಪ್ಪಳಿಸೋ ಶಿಕ್ಷೆ. 1984ರ 4ನೇ ಆಜ್ಞೆಯ ಪ್ರಕಾರ ಅಧಿಕಾರಿಯ ಮಾನ ಕಳೆಯುವ ಸುದ್ದಿ ಬರೆದವನಿಗೆ ಜೈಲು, ಸುದ್ದಿ ನಿಜವಾಗಿದ್ದರೂ ಸೈ. ಇಬ್ಬರು ಪತ್ರಕರ್ತರು ಜೈಲಿಗೆ ಹೋದರು. ಕೇಳೋ ಬಾಯಿ ಹೊಲಿದ ಮೇಲೆ ಲಂಚ ಕಾಣೋದಿಲ್ಲ. ಅದನ್ನೇ ನಮ್ಮವರು ನಿಂತಿತು ಅಂದುಕೊಳ್ಳುತ್ತಾರೆ.

ಆಮೇಲೆ 1993ರಲ್ಲಿ ಜನರಲ್ ಅಬಾಚಾ. 'ದೇಶದ ಭದ್ರತೆಗೆ' ಅಂತ ಒಂದು ಪತ್ರ ಬರೆದರೆ ಸಾಕು, ಸೆಂಟ್ರಲ್ ಬ್ಯಾಂಕಿನಿಂದ ನಗದು ಹೊರಡುತ್ತಿತ್ತು. ಯಾರ ಭದ್ರತೆ? ಒಗೋನಿ ಜನರದಂತೂ ಅಲ್ಲ. ಅವರ ನೆಲದಿಂದ ಶೆಲ್ ಕಂಪನಿ 1958ರಿಂದ ಎಣ್ಣೆ ಎತ್ತಿತು. ಅವರಿಗೆ ಉಳಿದದ್ದು ಎಣ್ಣೆ ಕವಿದ ಹೊಳೆ, ಹಗಲೂ ರಾತ್ರಿ ಉರಿಯೋ ಗ್ಯಾಸು. ನಮ್ಮ ಪಾಲೆಲ್ಲಿ ಅಂತ 1993ರ ಜನವರಿಯಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದರು. 1995ರ ನವೆಂಬರ್ 10ರಂದು ಅವರ ಲೇಖಕ ಕೆನ್ ಸಾರೊ-ವಿವಾನನ್ನೂ ಜೊತೆಯ ಎಂಟು ಜನರನ್ನೂ ಗಲ್ಲಿಗೇರಿಸಿದರು. ಪೆನ್ನು ಹಿಡಿದವನಿಗೆ ಹಗ್ಗ, ಗಂಟು ಹೊತ್ತವನಿಗೆ ಸೆಲ್ಯೂಟು!

ಅಬಾಚಾ 1998ರಲ್ಲಿ ಸತ್ತ. ಅವನ ಗಂಟು ಸ್ವಿಸ್ ಬ್ಯಾಂಕುಗಳಲ್ಲಿ ಸಿಕ್ಕಿತು. ಜೆರ್ಸಿ ಎಂಬ ಪುಟ್ಟ ದ್ವೀಪದಲ್ಲಿದ್ದ 30 ಕೋಟಿ ಡಾಲರಿಗೂ ಹೆಚ್ಚು ಹಣ ವಾಪಸಾದದ್ದು 2020ರಲ್ಲಿ. ಒಗೋನಿ ನೆಲವನ್ನು ಪರೀಕ್ಷಿಸಿದ ವಿಶ್ವಸಂಸ್ಥೆಯವರು, ಅದು ಶುದ್ಧವಾಗಲು 25ರಿಂದ 30 ವರ್ಷ ಬೇಕಾದೀತು ಅಂತ 2011ರಲ್ಲಿ ಬರೆದಿದ್ದಾರೆ.