ಸುಣ್ಣದ ಗೆರೆ ಇರುವಾಗಲೇ

ಮೂವತ್ತು–ನಲವತ್ತರ ಸೈಟು. ಪಕ್ಕದವರ ಗೋಡೆ ಉದ್ದಕ್ಕೂ ಅರ್ಧ ಅಡಿ ಒಳಗೆ ಬಂದರೆ ಹೋಗುವುದು 20 ಚದರಡಿ. ಅಷ್ಟಕ್ಕೆ ಕಟ್ಟಿದ ಮನೆಯನ್ನು ಒಡೆಸಬೇಕೆ?

ಚಿತ್ರದುರ್ಗದ ಬಡಾವಣೆಯಾಗಲಿ, ಹೊಸದುರ್ಗದ ಹಳ್ಳಿಯಾಗಲಿ, ಎಷ್ಟೋ ಒತ್ತುವರಿಗಳು ಹುಟ್ಟುವುದು ಪಾಯದಲ್ಲಿ. ಒಂಬತ್ತು ಇಂಚಿನ ಗೋಡೆಗೆ ಎರಡು–ಎರಡೂವರೆ ಅಡಿ ಅಗಲದ ಸೈಜುಗಲ್ಲಿನ ಪಾಯ ಬೀಳುತ್ತದೆ. ಗೋಡೆ ಎಲ್ಲೆಗೆ ಸರಿಯಾಗಿ ನಿಂತರೂ ಕಲ್ಲು ನೆರೆಯವರ ನೆಲದೊಳಗೆ ಚಾಚಿರುತ್ತದೆ. ಹಿರಿಯೂರು ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಲ್ಲಿ ಪಾಯ ಇನ್ನೂ ಆಳಕ್ಕಿಳಿಯಬೇಕು. ಮಣ್ಣು ಮುಚ್ಚಿದ ಮೇಲೆ ಇದು ಯಾರ ಕಣ್ಣಿಗೂ ಬೀಳದು. ಪಕ್ಕದವರು ತಮ್ಮ ಪಾಯ ತೋಡುವ ದಿನ ಬಯಲಾಗುತ್ತದೆ.

ಕಾಗದವೂ ಕೈಕೊಡುತ್ತದೆ. ಗ್ರಾಮಠಾಣೆಯ ಮನೆಗಳಿಗೆ ಹೊಲಗಳಂತೆ ಪ್ರತ್ಯೇಕ ಸರ್ವೆ ನಕ್ಷೆ ಇರಲಿಲ್ಲ. ಪತ್ರದಲ್ಲಿ ಚೆಕ್ಕುಬಂದಿ ಮಾತ್ರ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ. ಈ ಕೊರತೆ ನೀಗಿಸಲು 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರುವ ಮೊದಲು ನೆಲದ ಮೇಲೆ ಎಲ್ಲೆಗೆ ಸುಣ್ಣದ ಗೆರೆ ಎಳೆಯುತ್ತಾರೆ. ಮೇಸ್ತ್ರಿ ಪಾಯಕ್ಕೆ ಎಳೆಯುವುದೂ ಅದೇ ಗೆರೆ. ಜಗಳ ಆಡುವುದಿದ್ದರೆ ಆಗಲೇ ಆಡಬೇಕು.

ಜರ್ಮನಿಯಲ್ಲಿ 1900ರಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆಯ 912ನೇ ಕಲಮು ಇದನ್ನು ಬಿಡಿಸಿಯೇ ಹೇಳುತ್ತದೆ. ಬೇಕೆಂದಾಗಲಿ ತೀರಾ ಅಜಾಗರೂಕತೆಯಿಂದಾಗಲಿ ಎಲ್ಲೆ ದಾಟಿಲ್ಲ, ನೆರೆಯವರೂ ಮೊದಲೇ ಅಥವಾ ದಾಟಿದ ಕೂಡಲೇ ತಕರಾರು ಎತ್ತಿಲ್ಲ ಎಂದಾದರೆ ಕಟ್ಟಡ ಉಳಿಯುತ್ತದೆ, ನೆರೆಯವರಿಗೆ ವರ್ಷವರ್ಷವೂ ಹಣ ಸಲ್ಲುತ್ತದೆ. ನಮ್ಮಲ್ಲಿ ಇಷ್ಟು ಸ್ಪಷ್ಟ ಕಲಮಿಲ್ಲ. ಆದರೂ ಕಟ್ಟಡ ತೆಗೆಸುವ ಆದೇಶ ನ್ಯಾಯಾಲಯದ ವಿವೇಚನೆಗೆ ಸೇರಿದ್ದು. ಸುಮ್ಮನೆ ನೋಡುತ್ತಿದ್ದು ತಾರಸಿ ಬಿದ್ದ ಮೇಲೆ ಬಂದವರ ವಾದ ಅಲ್ಲಿ ಸೊರಗುತ್ತದೆ. ಪ್ರತಿಕೂಲ ಸ್ವಾಧೀನದ 12 ವರ್ಷ ಕಳೆದರಂತೂ ಜಾಗದ ಹಕ್ಕೇ ಕೈತಪ್ಪಬಹುದು.

ಹಾಗೆಂದು ಒತ್ತಿದವರೆಲ್ಲ ಒಂದೇ ಅಲ್ಲ. ಬರಹದಲ್ಲಿ ಆಕ್ಷೇಪ ತಲುಪಿದ ಮೇಲೂ ರಾತ್ರೋರಾತ್ರಿ ಗೋಡೆ ಎಬ್ಬಿಸಿದವನ ಗೋಡೆ ಬೀಳಲೇಬೇಕು, ಒಂದೇ ಇಂಚು ಒತ್ತಿದ್ದರೂ. ಇಬ್ಬರೂ ನಿಂತು ಅಳೆಸಿ ತಪ್ಪಾಗಿದ್ದರೆ, ಒಂದು ಕುಟುಂಬ ಸಾಲ ಮಾಡಿ ಕಟ್ಟಿದ್ದನ್ನು ಕೆಡವುವುದರಲ್ಲಿ ನ್ಯಾಯ ಕಾಣದು. ಆ ಪಟ್ಟಿಗೆ ಬೆಲೆ ಕಟ್ಟಬಹುದು, ಬೇರೆ ಕಡೆ ಅಷ್ಟೇ ಜಾಗ ಬಿಟ್ಟುಕೊಡಬಹುದು. ಆದರೆ ಛಾಪಾ ಕಾಗದದ ಸಹಿ ಸಾಲದು, ನೋಂದಣಿಯಾಗಬೇಕು. ಇಲ್ಲದಿದ್ದರೆ ಮಕ್ಕಳ ಕಾಲಕ್ಕೆ ಜಗಳ ಮತ್ತೆ ಏಳುತ್ತದೆ.

ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಹಾಕಬಹುದು. ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು ಅಳೆಯುತ್ತಾರೆ. ಮೊಕದ್ದಮೆ ಹೂಡಿದ ಮೇಲೂ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸು ಬರುತ್ತದೆ. ಆ ತೀರ್ಪಿನ ಮೇಲೆ ಮೇಲ್ಮನವಿಯೂ ಇಲ್ಲ.