ಮೂರು ಪೆಟ್ಟಿಗೆಗಳ ಒಂದು ವಿಮಾನ

ನರಗುಂದದ ವಾಚಕರೊಬ್ಬರು ನಮಗೆ ಪತ್ರ ಬರೆದಿರುವರು. ಅವರ ಮಗನು ಮಾದರಿ ವಿಮಾನಗಳ ಮೂರು ಪೆಟ್ಟಿಗೆಗಳನ್ನು ಅಂಚೆಯಿಂದ ತರಿಸಿ, ಒಂದನ್ನೂ ಮೇಲಿನ ಚಿತ್ರದಂತೆ ಕಟ್ಟದೆ, ಮೂರರ ತುಂಡುಗಳನ್ನೂ ಕೂಡಿಸಿ ಬೇರೊಂದನ್ನು ಮಾಡತೊಡಗಿರುವನಂತೆ. ಇದು ವಿದ್ಯೆಯೋ, ದುಡ್ಡಿನ ಹಾಳೋ ಎಂಬುದು ಅವರ ಪ್ರಶ್ನೆ. ರೋಣ, ಗಜೇಂದ್ರಗಡಗಳ ಮನೆಗಳಲ್ಲಿಯೂ ಇಂಥ ಹುಡುಗರಿರಬಹುದಾದುದರಿಂದ ಇಲ್ಲಿಯೇ ಉತ್ತರಿಸುವೆವು.

ಹುಡುಗನು ಕಟ್ಟಬಯಸಿರುವದು ನಮ್ಮ ವಾಯುಸೇನೆಯ ಲಿಬರೇಟರ್ ಬಾಂಬರನ್ನು. ಇದನ್ನೋದಿ ನಾವು ಸಂತೋಷಪಟ್ಟೆವು. ಏಕೆಂದರೆ ನಿಜವಾದ ಆ ವಿಮಾನಗಳೂ ಹೀಗೆಯೇ ಹುಟ್ಟಿದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾನಪುರದಲ್ಲಿ ಅನೇಕ ಲಿಬರೇಟರುಗಳನ್ನು, ಮತ್ತೆ ಹಾರಬಾರದೆಂದು ಕೆಡಿಸಿ, ಬಿಟ್ಟುಹೋಗಿದ್ದರು. ಬೆಂಗಳೂರಿನ ಹಿಂದುಸ್ತಾನ ವಿಮಾನ ಕಾರಖಾನೆಯವರು ಆ ರಾಶಿಯಲ್ಲಿ ಒಂದರ ಅಂಗವನ್ನು ಇನ್ನೊಂದಕ್ಕೆ ಹಚ್ಚಿ, ಹಾರುವಷ್ಟು ಸಿದ್ಧಪಡಿಸಿ, ಬೆಂಗಳೂರಿಗೆ ಹಾರಿಸಿ ತಂದು ಪೂರ್ಣ ದುರಸ್ತಿ ಮಾಡಿದರು. 1948ರ ನವೆಂಬರದಲ್ಲಿ ಮೊದಲಿನವು ಸೇನೆಯನ್ನು ಸೇರಿದವು. 1968ರ ವರೆಗೆ ಅವು ದುಡಿದವು! ಎಸೆದ ಲೋಹದಿಂದ ಇಪ್ಪತ್ತು ವರ್ಷಗಳ ಸೇವೆ ಪಡೆದುದು ಅಲ್ಪವೇ?

ಹುಡುಗನ ಲೆಕ್ಕವೂ ಸರಿಯಾಗಿರುವದು. ಲಿಬರೇಟರುಗಳಲ್ಲಿ ಮೊದಲಿನವಕ್ಕೆ ಗಾಜಿನ ಮೂಗು. ಮುಂದಿನವಕ್ಕೆ ಅಲ್ಲಿ ಬಂದೂಕಿನ ಗೋಪುರ. ಅವನಲ್ಲಿರುವ ಇಡಿಯ ಪೆಟ್ಟಿಗೆ ಗಾಜಿನ ಮೂಗಿನದು. ಗೋಪುರವಿರುವ ಮೂಗು ರೆಕ್ಕೆ ಮುರಿದ, ಅಗ್ಗಕ್ಕೆ ದೊರೆತ ಇನ್ನೊಂದರಿಂದ. ಮೂರು ಬಣ್ಣದ ನಮ್ಮ ವರ್ತುಲದ ಚೀಟಿಗಳು ಮೂರನೆಯದರಿಂದ.

ಇಲ್ಲಿ ಮೊದಲು ಬೇಕಾದುದು ತ್ರೈರಾಶಿಕ. ಲಿಬರೇಟರಿನ ರೆಕ್ಕೆಗಳ ಅಗಲ 110 ಅಡಿ. 72ರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಅದು ಹದಿನೆಂಟು ಇಂಚು ಮತ್ತು ಇಂಚಿನ ಮೂರನೆಯ ಒಂದಂಶ. 48ರಲ್ಲಿ ಒಂದು ಪಾಲಿನದರಲ್ಲಿ ಇಪ್ಪತ್ತೇಳೂವರೆ ಇಂಚು. ಪೆಟ್ಟಿಗೆಯ ಮೇಲಿನ ಈ ಅಂಕಿಯನ್ನು ನೋಡದೆ ಕೊಂಡರೆ ಕುರಿಯ ಮೈಗೆ ಎಮ್ಮೆಯ ತಲೆ. ಪ್ರಮಾಣ ಒಂದೇ ಇದ್ದರೂ ಇಬ್ಬರು ತಯಾರಕರ ಅಳತೆಗಳು ಕೂದಲೆಳೆಯಷ್ಟು ಬೇರೆಯಾಗಬಹುದಾದ್ದರಿಂದ, ಅಂಟು ಹಚ್ಚುವ ಮೊದಲು ತುಂಡುಗಳನ್ನು ಒಣಗಿದ್ದಂತೆಯೇ ಕೂಡಿಸಿ ನೋಡತಕ್ಕದ್ದು.

ಎರಡನೆಯದು ಸಂಧಿ. ಜರೆಯೆಂಬ ರಾಕ್ಷಸಿ ಎರಡು ಸೀಳುಗಳನ್ನು ಕೂಡಿಸಿ ಜರಾಸಂಧನನ್ನು ಬದುಕಿಸಿದಳು. ಭೀಮನು ಅವನನ್ನು ಸೀಳಿದುದೂ ಅಲ್ಲಿಯೇ. ಗಜೇಂದ್ರಗಡದ ನೇಕಾರರು ಜರೆಗಿಂತ ಜಾಣರು. ಇಳಕಲ್ಲಿನ ಬಗೆಯ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆಯಲ್ಲಿ ಕುಣಿಕೆಯಾಗಿ ಸಿಕ್ಕಿಸುವರು. ಸೀರೆ ಹರಿದೀತು, ಕುಣಿಕೆ ಬಿಡದು. ಮಾದರಿಯಲ್ಲಿಯೂ ಕೂಡಿಕೆಯ ಒಳಮೈಗೆ ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ಅಂಟಿಸಬೇಕು. ಇದರ ಅಂಟು ಎರಡೂ ಅಂಚುಗಳನ್ನು ಕರಗಿಸಿ ಬೆಸೆಯುವಂಥದು. ಅದರ ಆವಿ ಒಳ್ಳೆಯದಲ್ಲ. ಕಿಟಕಿ ತೆರೆದಿರಲಿ, ದೀಪ ಒಲೆಗಳು ದೂರವಿರಲಿ. ಬಿರುಕಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜಿ, ಬೂದುಬಣ್ಣದ ತೆಳುಲೇಪ ಕೊಟ್ಟರೆ ಉಳಿದ ದೋಷವೆಲ್ಲ ಕಣ್ಣಿಗೆ ಬೀಳುವದು. ಮತ್ತೆ ಉಜ್ಜುವದು. ಬೇಸರದ ಕೆಲಸವೇ ಸರಿ. ವ್ಯಾಕರಣದ ಸಂಧಿಪ್ರಕರಣಕ್ಕಿಂತ ಹೆಚ್ಚಿನದಲ್ಲ.

ವೆಚ್ಚದ ಮಾತನ್ನು ನಾವು ಮುಚ್ಚಿಡಲಾರೆವು. ಒಂದು ವಿಮಾನಕ್ಕೆ ಮೂರು ಪೆಟ್ಟಿಗೆಗಳ ಬೆಲೆ ತೆತ್ತುದು ನಿಜ. ಇದು ಮುಗಿಯುವ ವರೆಗೆ ನಾಲ್ಕನೆಯದನ್ನು ತರಿಸಕೂಡದೆಂದು ತಂದೆಯವರು ಕಟ್ಟು ಮಾಡಲಿ. ಕೈಹಚ್ಚಿದ ಕೆಲಸವನ್ನು ಮಾತ್ರ ಕಸಿಯದಿರಲಿ. ಗಾಜಿನ ಮೂಗು, ಮಿಕ್ಕ ಚಕ್ರಗಳು, ಮುರಿದ ರೆಕ್ಕೆ ಇವುಗಳನ್ನು ತಾಯಿಯವರು ಕಸಕ್ಕೆ ಹಾಕದೆ, ಪ್ರಮಾಣದ ಅಂಕಿ ಬರೆದು ಹಳೆಯ ಡಬ್ಬಿಯೊಂದರಲ್ಲಿ ಇಡಿಸಲಿ. ಮುಂದಿನ ವಿಮಾನಕ್ಕೆ ಬರುವವು.